ಕೇಫೇಬ್: ಅಮೆರಿಕದ ವೃತ್ತಿಕುಸ್ತಿಯ ಒಳನುಡಿ

1. ಪೀಠಿಕೆ

ಒಂದೇ ಕಸುಬನ್ನು ನೆಚ್ಚಿ ಬದುಕುವ ಜನ ತಮ್ಮತಮ್ಮಲ್ಲಿ ಆಡಿಕೊಳ್ಳುವ ಮಾತು ಆ ಭಾಷೆಯ ಸಾಮಾನ್ಯ ಬಳಕೆಗಿಂತ ಬೇರೆಯಾಗಿರುವುದು ಎಲ್ಲ ಸಮಾಜಗಳಲ್ಲೂ ಕಂಡುಬರುವ ಸಂಗತಿ. ನೇಕಾರರ, ಬಡಗಿಗಳ, ಅಕ್ಕಸಾಲಿಗರ ಪದಗಳು ಹೊರಗಿನವರಿಗೆ ತಿಳಿಯದಿದ್ದರೆ ಅದಕ್ಕೆ ಕಾರಣ ಆ ಕಸುಬಿನ ಪರಿಚಯವಿಲ್ಲದಿರುವುದೇ ಹೊರತು, ಮುಚ್ಚಿಡಬೇಕೆಂಬ ಉದ್ದೇಶವಲ್ಲ. ಇನ್ನು ಕೆಲವು ಕಡೆ ಮುಚ್ಚಿಡುವುದೇ ಮಾತಿನ ಮೊದಲ ಕೆಲಸ. ದನದ ಜಾತ್ರೆಯಲ್ಲಿ ದಲ್ಲಾಳಿಗಳು ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವುದೂ, ಜೂಜುಕೋರರು ಎದುರಾಳಿಯ ಮುಂದೆಯೇ ತಮ್ಮವನಿಗೆ ಸುಳಿವು ಕೊಡುವುದೂ ಈ ಬಗೆಯವು. ಮೊದಲನೆಯದನ್ನು ವೃತ್ತಿನುಡಿ ಎಂದೂ ಎರಡನೆಯದನ್ನು ಗುಟ್ಟುನುಡಿ ಎಂದೂ ಕರೆಯಬಹುದು. ಎರಡೂ ಒಂದರಲ್ಲೊಂದು ಬೆರೆತಿರುವ ಅಪರೂಪದ ನಿದರ್ಶನ ಅಮೆರಿಕದ ವೃತ್ತಿಕುಸ್ತಿಯ ಒಳನುಡಿ.

ಇಲ್ಲಿ ವೃತ್ತಿಕುಸ್ತಿ ಎಂದರೆ ಒಲಿಂಪಿಕ್ ಕುಸ್ತಿಯಲ್ಲ, ಗರಡಿಯ ಕುಸ್ತಿಯೂ ಅಲ್ಲ. ಸೋಲುಗೆಲುವು ಮೊದಲೇ ನಿಗದಿಯಾಗಿದ್ದು, ಇಬ್ಬರು ಪಟುಗಳು ಪರಸ್ಪರ ಸಹಕಾರದಿಂದ ಕಾದಾಟವನ್ನು ಅಭಿನಯಿಸುವ ಪ್ರದರ್ಶನ ಅದು. ಕೇಬಲ್ ಟೆಲಿವಿಷನ್ ಬಂದ ಮೇಲೆ ಕನ್ನಡನಾಡಿನ ಮನೆಗಳಿಗೂ ಅದು ಪರಿಚಿತವಾಗಿದೆ. ಅದು ‘ಸುಳ್ಳು’ ಎಂಬ ಒಂದು ಮಾತಿನಲ್ಲಿ ಅದನ್ನು ಕೈಬಿಡುವುದು ಸುಲಭ. ಆದರೆ ಆ ಸುಳ್ಳನ್ನು ದಶಕಗಳ ಕಾಲ ಕಾಪಾಡಿಕೊಂಡು ಬಂದ ಪದಸಂಪತ್ತು ಭಾಷಾಧ್ಯಯನಕ್ಕೆ ಹಲವು ಪ್ರಶ್ನೆಗಳನ್ನು ಒಡ್ಡುತ್ತದೆ. ಗುಟ್ಟನ್ನು ಕಾಯಲು ಹುಟ್ಟಿದ ನುಡಿ ಗುಟ್ಟು ಬಯಲಾದ ಮೇಲೆ ಏನಾಗುತ್ತದೆ? ಎಲ್ಲವೂ ಅಭಿನಯವಾಗಬಲ್ಲ ಕಡೆ ನಿಜವನ್ನು ಹೇಳಲು ಯಾವ ಮಾತು ಉಳಿಯುತ್ತದೆ? ಈ ಎರಡು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಆ ಒಳನುಡಿಯ ಹುಟ್ಟು, ರಚನೆ ಮತ್ತು ಪರಿಣಾಮಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇಂಥ ಅಧ್ಯಯನಕ್ಕೆ ಒಂದು ಪರಂಪರೆಯೇ ಇದೆ. ಅಮೆರಿಕದ ವಂಚಕರ ಕಸುಬನ್ನೂ ಅವರ ಭಾಷೆಯನ್ನೂ ಕುರಿತು ಡೇವಿಡ್ ಮೌರರ್ 1940ರಲ್ಲಿ ‘ದ ಬಿಗ್ ಕಾನ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ಭಕ್ತಿಪ್ರಸಾದ ಮಲ್ಲಿಕ್ ಅವರು ಪಶ್ಚಿಮ ಬಂಗಾಳದ ಭೂಗತ ಜಗತ್ತಿನ ನುಡಿಯನ್ನು ಅಧ್ಯಯನ ಮಾಡಿ 1972ರಲ್ಲಿ ಗ್ರಂಥವಾಗಿಸಿದರು. ಈ ಬಂಗಾಳಿ ಸಾಮಗ್ರಿಯನ್ನೂ ಬಳಸಿಕೊಂಡು ಎಂ.ಎ.ಕೆ. ಹ್ಯಾಲಿಡೇ 1976ರಲ್ಲಿ ‘ಪ್ರತಿಭಾಷೆ’ ಎಂಬ ಪರಿಕಲ್ಪನೆಯನ್ನು ಮಂಡಿಸಿದರು. ಸಮಾಜದೊಳಗೇ ಅದಕ್ಕೆ ಎದುರಾಗಿ ನಿಂತ ಗುಂಪೊಂದು ತನ್ನ ಬದುಕಿನ ಕೇಂದ್ರದಲ್ಲಿರುವ ಸಂಗತಿಗಳಿಗೆ ಮಾತ್ರ ಹೊಸ ಪದಗಳನ್ನು ತೊಡಿಸುತ್ತದೆ. ವ್ಯಾಕರಣ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಕೇಂದ್ರದ ಸಂಗತಿಗಳಿಗೆ ಒಂದಲ್ಲ, ಹತ್ತು ಪದಗಳು ಹುಟ್ಟುತ್ತವೆ ಎಂಬುದು ಅವರ ವಾದದ ತಿರುಳು. ಕುಸ್ತಿಯ ಒಳನುಡಿಯನ್ನು ಈ ಬೆಳಕಿನಲ್ಲಿ ನೋಡಬಹುದು.

2. ಜಾತ್ರೆಯ ಹಿನ್ನೆಲೆ

ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಅಮೆರಿಕದ ಊರೂರು ತಿರುಗುತ್ತಿದ್ದ ಕಾರ್ನಿವಲ್‌ಗಳಲ್ಲಿ ‘ಅಥ್ಲೆಟಿಕ್ ಶೋ’ ಎಂಬ ಡೇರೆಯೊಂದು ಇರುತ್ತಿತ್ತು. ಕಾರ್ನಿವಲ್‌ನ ಕುಸ್ತಿಪಟುವಿನ ಎದುರು ಗೊತ್ತಾದ ಹೊತ್ತಿನವರೆಗೆ ನಿಂತು ತೋರಿಸಿದ ಸ್ಥಳೀಯನಿಗೆ ಬಹುಮಾನ ಎಂದು ಅಲ್ಲಿ ಕೂಗಿ ಕರೆಯಲಾಗುತ್ತಿತ್ತು. ಜನರ ನಡುವಿನಿಂದ ಎದ್ದು ಬರುವ ಸವಾಲುಗಾರ ಒಮ್ಮೊಮ್ಮೆ ಕಾರ್ನಿವಲ್‌ನವನೇ ಆಗಿರುತ್ತಿದ್ದ. ಊರವರ ಹಣದ ಮೇಲೆ ಬದುಕು ನಿಂತಿದ್ದುದರಿಂದ ಊರವರ ಎದುರಿನಲ್ಲಿಯೇ ಅವರಿಗೆ ತಿಳಿಯದಂತೆ ಮಾತನಾಡುವುದು ಈ ಜನಕ್ಕೆ ಅನಿವಾರ್ಯವಾಗಿತ್ತು.

ಇದಕ್ಕಾಗಿ ಬಳಕೆಗೆ ಬಂದ ಕಾರ್ನಿವಲ್ ನುಡಿಯಲ್ಲಿ ಎರಡು ಉಪಾಯಗಳಿದ್ದವು. ಒಂದು, ಪದದ ನಡುವೆ ಅರ್ಥವಿಲ್ಲದ ಅಕ್ಷರಗಳನ್ನು ಸೇರಿಸುವುದು. ‘ಕಾರ್ನಿ’ ಎಂಬ ಪದ ‘ಕಿಜಾರ್ನಿ’ ಆಗುವುದು ಹೀಗೆ. ಕನ್ನಡದ ಮಕ್ಕಳು ಪದದ ನಡುನಡುವೆ ಅಕ್ಷರ ಸೇರಿಸಿ ಆಟಕ್ಕಾಗಿ ಆಡುವ ಗುಟ್ಟಿನ ಮಾತಿಗೂ ಇದಕ್ಕೂ ರಚನೆಯಲ್ಲಿ ವ್ಯತ್ಯಾಸವಿಲ್ಲ, ವ್ಯತ್ಯಾಸವಿರುವುದು ಪ್ರಯೋಜನದಲ್ಲಿ. ಎರಡನೆಯ ಉಪಾಯ, ಎಲ್ಲರೂ ಬಲ್ಲ ಪದಕ್ಕೆ ಬೇರೆ ಅರ್ಥವನ್ನು ತುಂಬುವುದು. ಕುಸ್ತಿಯ ಒಳನುಡಿಯಲ್ಲಿ ಹೆಚ್ಚು ಬೆಳೆದದ್ದು ಈ ಎರಡನೆಯ ಬಗೆ. ವರ್ಕ್, ಶೂಟ್, ಸೆಲ್, ಹೀಟ್, ಓವರ್, ಪುಶ್ ಮುಂತಾದವೆಲ್ಲ ದಿನಬಳಕೆಯ ಇಂಗ್ಲಿಷ್ ಪದಗಳೇ. ಕದ್ದು ಕೇಳಿದವನಿಗೆ ಪದ ತಿಳಿಯುತ್ತದೆ, ಮಾತು ತಿಳಿಯುವುದಿಲ್ಲ. ವಿಚಿತ್ರವಾದ ಪದ ಕೇಳುವವನ ಅನುಮಾನವನ್ನು ಕೆರಳಿಸುತ್ತದೆ. ಪರಿಚಿತವಾದ ಪದ ಕೆರಳಿಸುವುದಿಲ್ಲ. ಗುಟ್ಟುನುಡಿಯಾಗಿ ಈ ಬಗೆಯೇ ಹೆಚ್ಚು ಬಾಳಿಕೆ ಬಂದದ್ದಕ್ಕೆ ಇದೂ ಒಂದು ಕಾರಣವಿರಬಹುದು.

ಕೆಲವು ಪದಗಳು ವಂಚಕರ ಹಾಗೂ ಜೂಜುಕೋರರ ನುಡಿಯಿಂದ ನೇರವಾಗಿ ಬಂದವು. ‘ಮಾರ್ಕ್’ ಎಂದರೆ ಮೋಸಕ್ಕೆ ಗುರಿಯಾಗುವವನು. ಕುಸ್ತಿಯಲ್ಲಿ ಅದು ಕಾದಾಟವನ್ನು ನಿಜವೆಂದು ನಂಬುವ ಪ್ರೇಕ್ಷಕನಿಗೆ ಹೆಸರಾಯಿತು. ಹಣವುಳ್ಳ ಹೆಡ್ಡನ ಬೆನ್ನಿಗೆ ಸೀಮೆಸುಣ್ಣದ ಗುರುತು ಹಚ್ಚುತ್ತಿದ್ದರೆಂದು ಈ ಪದಕ್ಕೆ ಹೇಳುವ ಕಥೆಯನ್ನು ಜನಪದ ನಿರುಕ್ತಿಯೆಂದೇ ತಿಳಿಯುವುದು ಕ್ಷೇಮ. ‘ಗಿಮಿಕ್’ ಎಂಬುದು ಮೊದಲು ಜೂಜಿನ ಯಂತ್ರವನ್ನು ಗುಟ್ಟಾಗಿ ಹತೋಟಿಯಲ್ಲಿಡುವ ಸಾಧನ. ಕುಸ್ತಿಗೆ ಬಂದು ಪಟು ಧರಿಸುವ ಪಾತ್ರಕ್ಕೆ ಹೆಸರಾಯಿತು. ‘ಹೀಲ್’ ಎಂಬುದು ಅಮೆರಿಕನ್ ಆಡುನುಡಿಯಲ್ಲಿ ನೀಚನಿಗೆ ಇದ್ದ ಬೈಗುಳ. ಇಲ್ಲಿ ಅದು ಪ್ರತಿನಾಯಕ. ಅವನ ಎದುರಾಳಿಯಾದ ನಾಯಕ ‘ಬೇಬಿಫೇಸ್’ ಅಥವಾ ಬರಿಯ ‘ಫೇಸ್’. ಒಬ್ಬ ಪಟು ಒಂದು ಪಕ್ಷದಿಂದ ಇನ್ನೊಂದಕ್ಕೆ ಹೊರಳುವುದು ‘ಟರ್ನ್’.

3. ಕೇಫೇಬ್ ಎಂಬ ಪದ

ಈ ಒಳನುಡಿಯ ಕೇಂದ್ರದಲ್ಲಿರುವ ಪದ ‘ಕೇಫೇಬ್’. ಕುಸ್ತಿ ನಿಜವಾದ ಸ್ಪರ್ಧೆ, ಪಾತ್ರಗಳು ನಿಜವಾದ ವ್ಯಕ್ತಿಗಳು, ಹಗೆತನ ನಿಜವಾದ ಹಗೆತನ ಎಂಬ ಕಲ್ಪನೆಯನ್ನು ಹೊರಗಿನವರ ಎದುರು ಎಲ್ಲ ಹೊತ್ತಿನಲ್ಲೂ ಉಳಿಸಿಕೊಳ್ಳುವ ಕಟ್ಟುಪಾಡಿಗೆ ಈ ಹೆಸರು. ‘ಫೇಕ್’ ಅಥವಾ ‘ಬಿ ಫೇಕ್’ ಎಂಬುದನ್ನು ಕಾರ್ನಿವಲ್ ರೀತಿಯಲ್ಲಿ ತಿರುಚಿದಾಗ ಇದು ಹುಟ್ಟಿತೆಂಬುದು ಹೆಚ್ಚು ಪ್ರಚಲಿತವಾದ ಊಹೆ. ಊಹೆಗೆ ಖಚಿತವಾದ ಆಧಾರ ದೊರೆತಿಲ್ಲ. ಬಾಯಿಂದ ಬಾಯಿಗೆ ಮಾತ್ರ ಸಾಗುವ, ಬರೆದಿಡುವುದನ್ನೇ ದ್ರೋಹವೆಂದು ಬಗೆಯುವ ಸಮುದಾಯದ ಪದಕ್ಕೆ ಲಿಖಿತ ಆಧಾರ ಸಿಗದಿರುವುದು ಸಹಜವೇ ಆಗಿದೆ.

ಪದದ ವ್ಯಾಕರಣ ಇಲ್ಲಿ ಗಮನಾರ್ಹ. ಅದು ನಾಮಪದವೂ ಹೌದು, ಕ್ರಿಯಾಪದವೂ ಹೌದು: ಕೇಫೇಬನ್ನು ಕಾಯಬಹುದು, ಮುರಿಯಬಹುದು, ಒಬ್ಬರನ್ನು ಕೇಫೇಬ್ ಮಾಡಲೂಬಹುದು, ಅಂದರೆ ನಿಜ ತಿಳಿಯದಂತೆ ನಟಿಸಿ ದೂರವಿಡಬಹುದು. ಎಲ್ಲಕ್ಕಿಂತ ವಿಶಿಷ್ಟವಾದದ್ದು ಅದರ ಉದ್ಗಾರ ರೂಪ. ಉಡುಪಿನ ಕೋಣೆಯಲ್ಲಿ ಪಟುಗಳು ಮಾತನಾಡುತ್ತಿರುವಾಗ ಹೊರಗಿನವನೊಬ್ಬ ಬಾಗಿಲಿಗೆ ಬಂದರೆ ‘ಕೇಫೇಬ್!’ ಎಂದು ಒಬ್ಬ ಕೂಗುತ್ತಿದ್ದ. ಕೂಡಲೇ ಮಾತು ನಿಲ್ಲುತ್ತಿತ್ತು ಅಥವಾ ಪಾತ್ರದ ಮಾತಾಗಿ ಬದಲಾಗುತ್ತಿತ್ತು. ಹೀಗೆ ಒಂದೇ ಪದ ಗುಟ್ಟಿಗೂ, ಗುಟ್ಟನ್ನು ಕಾಯುವ ಕ್ರಿಯೆಗೂ, ಕಾಯಬೇಕೆಂಬ ಎಚ್ಚರಿಕೆಗೂ ಹೆಸರಾಗಿದೆ.

ಈ ಕಟ್ಟುಪಾಡು ರಂಗಸ್ಥಳಕ್ಕೆ ಸೀಮಿತವಾಗಿರಲಿಲ್ಲ ಎಂಬುದು ನಾಟಕಕ್ಕೂ ಇದಕ್ಕೂ ಇರುವ ಮುಖ್ಯ ಭೇದ. ಯಕ್ಷಗಾನದ ಬಣ್ಣದ ವೇಷಧಾರಿ ಚೌಕಿಯಲ್ಲಿ ಬಣ್ಣ ಕಳಚಿದ ಮೇಲೆ ರಾಕ್ಷಸನಾಗಿ ಉಳಿಯಬೇಕಾಗಿಲ್ಲ; ಅವನು ವೇಷಧಾರಿಯೆಂಬುದು ಊರಿಗೇ ಗೊತ್ತು. ಕೇಫೇಬಿನ ಕಾಲದ ಕುಸ್ತಿಪಟು ಪಾತ್ರವನ್ನು ಬೀದಿಗೂ ಹೋಟೆಲಿಗೂ ಕೊಂಡೊಯ್ಯಬೇಕಾಗಿತ್ತು. ನಾಯಕ, ಪ್ರತಿನಾಯಕರು ಒಂದೇ ವಾಹನದಲ್ಲಿ ಪ್ರಯಾಣ ಮಾಡುವಂತಿರಲಿಲ್ಲ. 1987ರ ಮೇ ತಿಂಗಳಲ್ಲಿ ನ್ಯೂಜೆರ್ಸಿಯ ಹೆದ್ದಾರಿಯೊಂದರಲ್ಲಿ ಪೊಲೀಸರು ತಡೆದ ಕಾರಿನಲ್ಲಿ ರಂಗದ ಮೇಲಿನ ಬದ್ಧವೈರಿಗಳಾದ ಜಿಮ್ ಡಗ್ಗನ್ ಮತ್ತು ಐರನ್ ಶೀಕ್ ಒಟ್ಟಿಗಿದ್ದುದು ಪತ್ರಿಕೆಗಳ ಸುದ್ದಿಯಾಯಿತು. ಅವರ ಮೇಲಿದ್ದ ಆಪಾದನೆಯಷ್ಟೇ, ಅವರು ಒಟ್ಟಿಗೆ ಕಂಡದ್ದೂ ಕುಸ್ತಿವಲಯದಲ್ಲಿ ಗಂಭೀರ ಅಪರಾಧವೆನಿಸಿತು.

4. ವರ್ಕ್ ಮತ್ತು ಶೂಟ್

ಒಳನುಡಿಯ ಅರ್ಥಲೋಕ ನಿಂತಿರುವುದು ಒಂದು ವಿರುದ್ಧಪದ ಜೋಡಿಯ ಮೇಲೆ. ಮೊದಲೇ ಒಪ್ಪಿಕೊಂಡು ನಡೆಸಿದ್ದೆಲ್ಲ ‘ವರ್ಕ್’. ಒಪ್ಪಂದವಿಲ್ಲದೆ ನಿಜವಾಗಿ ನಡೆದದ್ದೆಲ್ಲ ‘ಶೂಟ್’. ಕುಸ್ತಿಪಟುವಿಗೆ ಒಳಗಿನವರು ಇಟ್ಟ ಹೆಸರು ‘ವರ್ಕರ್’. ಸಾಮಾನ್ಯ ಇಂಗ್ಲಿಷಿನಲ್ಲಿ ದುಡಿಮೆ ಎಂಬ ಅರ್ಥ ಕೊಡುವ ಪದವೇ ಇಲ್ಲಿ ಹುಸಿ ಎಂಬ ಅರ್ಥವನ್ನೂ ಕೊಡುತ್ತದೆ. ಅಂದರೆ ಹುಸಿಯನ್ನು ನಂಬುವಂತೆ ಮಾಡುವುದೇ ಇಲ್ಲಿನ ದುಡಿಮೆ. ‘ಫೇಕ್’ ಎಂಬ ಹೊರಗಿನವರ ಪದವನ್ನು ಪಟುಗಳು ಅವಮಾನವೆಂದು ಭಾವಿಸುವುದಕ್ಕೂ ‘ವರ್ಕ್’ ಎಂಬ ತಮ್ಮ ಪದವನ್ನು ಹೆಮ್ಮೆಯಿಂದ ಬಳಸುವುದಕ್ಕೂ ಕಾರಣ ಇಲ್ಲಿದೆ. ಎರಡೂ ಪದಗಳು ಒಂದೇ ಸಂಗತಿಯನ್ನು ಸೂಚಿಸುತ್ತವೆ. ಮೊದಲನೆಯದು ಅದನ್ನು ಮೋಸವೆಂದೂ ಎರಡನೆಯದು ಕಸುಬೆಂದೂ ನೋಡುತ್ತದೆ.

ನಿಜವಾದ ಕುಸ್ತಿಯನ್ನು ಬಲ್ಲವನು ‘ಶೂಟರ್’. ಅಂಗಾಂಗಗಳನ್ನು ಮುರಿಯಬಲ್ಲ ಪಟ್ಟುಗಳಲ್ಲಿ ಪಳಗಿದವನು ‘ಹೂಕರ್’. ಹುಸಿಕುಸ್ತಿಯ ವ್ಯವಸ್ಥೆಗೆ ಇಂಥವರ ಅಗತ್ಯವೇನೆಂಬ ಪ್ರಶ್ನೆಗೆ 1925ರ ಪ್ರಸಂಗವೊಂದು ಉತ್ತರ ಹೇಳುತ್ತದೆ. ಎಡ್ ‘ಸ್ಟ್ರ್ಯಾಂಗ್ಲರ್’ ಲೂಯಿಸ್, ಬಿಲ್ಲಿ ಸ್ಯಾಂಡೋ ಮತ್ತು ಟೂಟ್ಸ್ ಮಾಂಟ್ ಎಂಬ ಮೂವರ ಬಣ ಆ ದಶಕದಲ್ಲಿ ಕುಸ್ತಿಯ ಉದ್ಯಮವನ್ನು ಹಿಡಿದಿಟ್ಟುಕೊಂಡಿತ್ತು. ಫುಟ್‌ಬಾಲ್ ಆಟಗಾರನಾಗಿ ಹೆಸರಾಗಿದ್ದ, ಆದರೆ ಕುಸ್ತಿ ಅಷ್ಟಾಗಿ ಬಾರದ ವೇಯ್ನ್ ಮನ್ ಎಂಬವನಿಗೆ ಲೂಯಿಸ್ ಆ ವರ್ಷದ ಜನವರಿಯಲ್ಲಿ ಒಪ್ಪಂದದಂತೆ ಸೋತು ಪಟ್ಟವನ್ನು ಬಿಟ್ಟುಕೊಟ್ಟ. ಏಪ್ರಿಲ್ 15ರಂದು ಫಿಲಡೆಲ್ಫಿಯಾದಲ್ಲಿ ಮನ್‌ಗೆ ಸೋಲಬೇಕಾಗಿದ್ದವನು ಪೋಲೆಂಡಿನ ಸ್ಟಾನಿಸ್ಲಾಸ್ ಬಿಸ್ಕೊ. ಎದುರು ಬಣದೊಡನೆ ಒಳಗೊಳಗೇ ಕೈಜೋಡಿಸಿದ್ದ ಬಿಸ್ಕೊ ಅಂದು ಒಪ್ಪಂದವನ್ನು ಮುರಿದು ನಿಜವಾಗಿಯೇ ಕಾದಿ, ಮನ್‌ನನ್ನು ಮತ್ತೆ ಮತ್ತೆ ಕೆಡವಿ ಪಟ್ಟವನ್ನು ಕಿತ್ತುಕೊಂಡ. ಸೋತವರು ದೂರುವುದಾದರೂ ಯಾರಲ್ಲಿ? ಪಂದ್ಯ ನಿಜವಾಗಿತ್ತು ಎಂದು ದೂರಬೇಕಾದರೆ ಉಳಿದವು ಹುಸಿಯೆಂದು ಒಪ್ಪಿಕೊಳ್ಳಬೇಕಾಗುತ್ತಿತ್ತು. ಕೇಫೇಬ್ ಹೊರಗಿನವರ ಬಾಯಿಯನ್ನು ಮಾತ್ರವಲ್ಲ, ಒಳಗಿನವರ ಬಾಯಿಯನ್ನೂ ಕಟ್ಟಿತ್ತು. ಇಂಥ ದ್ರೋಹಕ್ಕೆ ಒಳನುಡಿಯಲ್ಲಿರುವ ಹೆಸರು ‘ಡಬಲ್ ಕ್ರಾಸ್’. ಅದರ ಭಯದಿಂದಲೇ ಮುಂದೆ ಲೂ ಥೆಸ್ಜ್‌ನಂಥ ನಿಜವಾದ ಪಟುಗಳಿಗೆ ಪಟ್ಟವನ್ನು ಒಪ್ಪಿಸುವ ರೂಢಿ ಬಲವಾಯಿತು.

ಈ ಬಿಸ್ಕೊ ಭಾರತಕ್ಕೆ ಅಪರಿಚಿತನಲ್ಲ. 1910ರಲ್ಲಿ ಲಂಡನ್ನಿನಲ್ಲಿ ಗಾಮಾ ಪೈಲ್ವಾನನ ಎದುರು ಎರಡೂವರೆ ಗಂಟೆಗೂ ಹೆಚ್ಚು ಕಾಲ ನೆಲಕಚ್ಚಿ ಉಳಿದು ಪಂದ್ಯವನ್ನು ಸಮ ಮಾಡಿಕೊಂಡವನು, 1928ರಲ್ಲಿ ಪಟಿಯಾಲದಲ್ಲಿ ಅದೇ ಗಾಮಾನಿಗೆ ಒಂದು ನಿಮಿಷದೊಳಗೆ ಸೋತವನು ಇವನೇ. ಗರಡಿಯ ಕುಸ್ತಿ ಮತ್ತು ಪ್ರದರ್ಶನದ ಕುಸ್ತಿ ಎಂಬ ಎರಡು ಲೋಕಗಳು ಅಂದು ಇಂದಿನಷ್ಟು ದೂರವಾಗಿರಲಿಲ್ಲ ಎಂಬುದಕ್ಕೆ ಇವನ ಬದುಕು ಸಾಕ್ಷಿಯಾಗಿದೆ.

5. ದೇಹದ ಪದಗಳು

ಹೊರಗಿನವರಿಗೆ ಕಾಣುವುದು ಹೊಡೆತ. ಒಳಗಿನವರ ಗಮನವೆಲ್ಲ ಹೊಡೆತ ತಿಂದವನ ಮೇಲೆ. ಪೆಟ್ಟು ನಿಜವೆನ್ನಿಸುವಂತೆ ನೋವನ್ನು ಅಭಿನಯಿಸುವುದು ‘ಸೆಲ್’, ಅಂದರೆ ಮಾರುವುದು. ನೋವು ಇಲ್ಲಿ ಸರಕು. ಅದನ್ನು ಕೊಳ್ಳುವವನು ಪ್ರೇಕ್ಷಕ. ಎದುರಾಳಿಯ ಪೆಟ್ಟಿಗೆ ಪ್ರತಿಕ್ರಿಯೆಯನ್ನೇ ತೋರದಿರುವುದು ‘ನೋ ಸೆಲ್’. ಪಾತ್ರಕ್ಕೆ ಅಗತ್ಯವಿಲ್ಲದೆ ಹಾಗೆ ಮಾಡುವುದು ಅವಮರ್ಯಾದೆ. ಬೆನ್ನಿನ ಮೇಲೆ ಬೀಳುವುದು ‘ಬಂಪ್’. ಬೀಳುವುದನ್ನು ಕಲಿಯದವನು ಕುಸ್ತಿಪಟುವೇ ಅಲ್ಲ. ‘ಬಂಪ್ ತೆಗೆದುಕೊಳ್ಳುವುದು’ ಎಂಬ ಬಳಕೆಯಲ್ಲಿ ಬೀಳುವಿಕೆ ಸೋಲಲ್ಲ, ನಿರ್ವಹಿಸಿದ ಒಂದು ಕೆಲಸ.

ಅಭಿನಯದ ಗೆರೆ ದಾಟಿ ನಿಜವಾಗಿ ತಾಗುವಂತೆ ಹೊಡೆಯುವವನು ‘ಸ್ಟಿಫ್’. ಅಚಾತುರ್ಯದಿಂದ ನಿಜವಾಗಿ ಬಿದ್ದ ಪೆಟ್ಟು ‘ಪೊಟ್ಯಾಟೊ’. ಅದಕ್ಕೆ ಪ್ರತಿಯಾಗಿ ಬೇಕೆಂದೇ ಕೊಡುವ ನಿಜವಾದ ಪೆಟ್ಟು ‘ರಿಸೀಟ್’, ಅಂದರೆ ರಸೀತಿ. ರಕ್ತಕ್ಕೆ ‘ಜ್ಯೂಸ್’, ‘ಕಲರ್’ ಎಂಬ ಹೆಸರುಗಳಿವೆ. ಬಚ್ಚಿಟ್ಟುಕೊಂಡ ಬ್ಲೇಡಿನ ಚೂರಿನಿಂದ ಹಣೆಯನ್ನು ತಾನೇ ಕೊಯ್ದುಕೊಳ್ಳುವುದು ‘ಬ್ಲೇಡಿಂಗ್’ ಅಥವಾ ‘ಗಿಗ್ಗಿಂಗ್’. ಬ್ಲೇಡಿಲ್ಲದೆ ಪೆಟ್ಟಿನಿಂದಲೇ ಬಂದ ರಕ್ತ ‘ಹಾರ್ಡ್‌ವೇ’. ಹ್ಯಾಲಿಡೇ ಹೇಳುವ ಪದಬಾಹುಳ್ಯ ಇಲ್ಲಿ ಸ್ಪಷ್ಟವಾಗಿದೆ. ‘ಹಾರ್ಡ್‌ವೇ’ ಎಂಬ ಪದವೊಂದು ಬೇಕಾಯಿತೆಂದರೆ, ಸಾಮಾನ್ಯವಾದ ರಕ್ತವೇ ಕೃತಕ ಉಪಾಯದ್ದೆಂದು ಆಯಿತು. ಆದರೆ ಬ್ಲೇಡಿನಿಂದ ಹರಿಯುವುದೂ ನಿಜವಾದ ರಕ್ತವೇ. ವರ್ಕ್ ಎಂಬ ಪದವನ್ನು ಸುಳ್ಳು ಎಂದು ಅನುವಾದಿಸಿದರೆ ಸಾಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಈ ಪದಗಳ ಹಿಂದೆ ಒಂದು ನೀತಿ ಇದೆ. ಎತ್ತಿ ಎಸೆಯಲ್ಪಡುವವನು ತನ್ನ ಕತ್ತು, ಬೆನ್ನುಗಳನ್ನು ಎದುರಾಳಿಯ ಕೈಗೆ ಒಪ್ಪಿಸಿರುತ್ತಾನೆ. ರಂಗದ ಮೇಲೆ ಕೊಲ್ಲಲು ಹೊರಟವನಂತೆ ಕಾಣುವವನೇ ಅವನ ಪ್ರಾಣಕ್ಕೆ ಹೊಣೆ. ಹೊರನೋಟಕ್ಕೆ ಹಗೆತನದ ಭಾಷೆಯಾಗಿರುವುದು ಒಳಗೆ ವಿಶ್ವಾಸದ ಭಾಷೆಯಾಗಿದೆ.

6. ದುಡಿಮೆಯ ಪದಗಳು

ಗೆಲುವಿಗೆ ಸ್ಪರ್ಧೆಯ ಬೆಲೆ ಇಲ್ಲದ ಕಡೆ ಬೆಲೆ ಬರುವುದು ಯಾವುದಕ್ಕೆ? ಒಳನುಡಿಯಲ್ಲಿ ಇದಕ್ಕೆ ಉತ್ತರ ‘ಓವರ್’ ಎಂಬ ಪುಟ್ಟ ಪದ. ಪ್ರೇಕ್ಷಕರ ಮನಸ್ಸಿಗೆ ನಾಟಿದವನು ‘ಓವರ್’ ಆದವನು. ತಾನು ಸೋತು ಇನ್ನೊಬ್ಬನ ಕಳೆ ಏರಿಸುವುದು ಅವನನ್ನು ‘ಪುಟ್ ಓವರ್’ ಮಾಡುವುದು. ಜನ ಹೊಮ್ಮಿಸುವ ಹರ್ಷೋದ್ಗಾರ ‘ಪಾಪ್’. ಪ್ರತಿನಾಯಕನ ಮೇಲೆ ಕಾರುವ ಸಿಟ್ಟು ‘ಹೀಟ್’. ಬೈಗುಳ ತಿಂದಷ್ಟೂ ಹೀಲ್ ತನ್ನ ಕಸುಬಿನಲ್ಲಿ ಗೆದ್ದಂತೆ. ಇದೇ ‘ಹೀಟ್’ ಸಹೋದ್ಯೋಗಿಗಳ ಅಥವಾ ಒಡೆಯರ ಅಸಮಾಧಾನಕ್ಕೂ ಹೆಸರಾಗುವುದುಂಟು. ಆ ಅರ್ಥದಲ್ಲಿ ಅದು ಯಾರಿಗೂ ಬೇಡವಾದದ್ದು.

ಸೋಲುಗೆಲುವುಗಳನ್ನು ನಿಗದಿಮಾಡುವವನು ‘ಬುಕರ್’. ಅವನು ಒಬ್ಬನನ್ನು ಮೇಲೆತ್ತಲು ತೊಡಗಿದರೆ ಅದು ‘ಪುಶ್’. ಬೇಕೆಂದೇ ಕಳೆಗುಂದಿಸಿದರೆ ಅದು ‘ಬರಿ’, ಅಂದರೆ ಹೂಳುವುದು. ಆದೇಶದಂತೆ ಸೋಲುವುದು ‘ಜಾಬ್’. ಸೋಲುವುದನ್ನೇ ಕಸುಬಾಗಿ ಉಳ್ಳವನು ‘ಜಾಬರ್’. ಒಬ್ಬನನ್ನು ಬಲಶಾಲಿಯೆಂದು ತೋರಿಸಲು ಜಾಬರನನ್ನು ಕ್ಷಣಮಾತ್ರದಲ್ಲಿ ಸೋಲಿಸುವ ಪಂದ್ಯ ‘ಸ್ಕ್ವಾಶ್’. ಇಂಗ್ಲಿಷಿನಲ್ಲಿ ಕೆಲಸ, ನೌಕರಿ ಎಂಬ ಅರ್ಥದ ಪದವೇ ಇಲ್ಲಿ ಸೋಲಿಗೆ ಹೆಸರಾದದ್ದು ಗಮನಿಸತಕ್ಕದ್ದು. ಸೋಲೆಂಬುದು ಪಟುವಿನ ಕುಂದಲ್ಲ, ಒಡೆಯನ ಆಜ್ಞೆಯ ಪಾಲನೆ. ಪುಶ್, ಬರಿ, ಜಾಬ್ ಎಂಬ ಪದಗಳಲ್ಲಿ ಪಟು ಕರ್ತೃವಾಗಿರುವುದು ಸೋಲುವಾಗ ಮಾತ್ರ. ಏರುವಾಗಲೂ ಹೂತುಹೋಗುವಾಗಲೂ ಅವನು ಕರ್ಮವಾಗಿದ್ದಾನೆ. ಪಟುಗಳನ್ನು ನೌಕರರೆಂದು ಪರಿಗಣಿಸದೆ ಸ್ವತಂತ್ರ ಗುತ್ತಿಗೆದಾರರೆಂದು ಕರೆಯುವ, ಪ್ರಬಲವಾದ ಕಾರ್ಮಿಕ ಸಂಘವೊಂದು ನೆಲೆಗೊಳ್ಳದ ಈ ಉದ್ಯಮದಲ್ಲಿ ಅಧಿಕಾರ ಯಾರ ಕೈಯಲ್ಲಿದೆ ಎಂಬುದನ್ನು ಅದರ ವ್ಯಾಕರಣವೇ ಹೇಳುತ್ತದೆ.

7. ಗುಟ್ಟು ಬಯಲಾದ ಮೇಲೆ

1984ರ ಡಿಸೆಂಬರ್ 28ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ, ಕುಸ್ತಿ ಹುಸಿಯೆಂದು ತನ್ನ ಅಭಿಪ್ರಾಯ ಎಂದು ಹೇಳಿದ ಟೆಲಿವಿಷನ್ ವರದಿಗಾರ ಜಾನ್ ಸ್ಟಾಸೆಲ್‌ಗೆ ಡೇವಿಡ್ ಶುಲ್ಟ್ಜ್ ಎಂಬ ಪಟು ಕಪಾಳಕ್ಕೆ ಹೊಡೆದ. ಗುಟ್ಟನ್ನು ಮೈಬಲದಿಂದ ಕಾಯುವ ಕಾಲದ ಕೊನೆಯ ಘಟ್ಟ ಅದು. ಐದು ವರ್ಷದೊಳಗೆ, 1989ರ ಫೆಬ್ರವರಿಯಲ್ಲಿ, ಆಗ ಡಬ್ಲ್ಯೂ.ಡಬ್ಲ್ಯೂ.ಎಫ್. ಎಂಬ ಹೆಸರಿದ್ದ ಸಂಸ್ಥೆ ತನ್ನದು ಸ್ಪರ್ಧೆಯಲ್ಲ, ಮನರಂಜನೆ ಎಂದು ನ್ಯೂಜೆರ್ಸಿಯ ಶಾಸನಸಭೆಯ ಮುಂದೆ ತಾನಾಗಿಯೇ ಒಪ್ಪಿಕೊಂಡಿತು. ಕ್ರೀಡೆಗಳ ಮೇಲಿದ್ದ ಸರ್ಕಾರಿ ನಿಯಂತ್ರಣದಿಂದಲೂ ಅದರ ತೆರಿಗೆಯಿಂದಲೂ ತಪ್ಪಿಸಿಕೊಳ್ಳುವುದು ಅದರ ಉದ್ದೇಶವಾಗಿತ್ತು. ಪಟುಗಳು ಪೆಟ್ಟು ಕೊಟ್ಟು, ಪೆಟ್ಟು ತಿಂದು ಕಾಪಾಡಿದ್ದ ಗುಟ್ಟನ್ನು ಒಡೆಯರು ಲೆಕ್ಕಪತ್ರದ ಅನುಕೂಲಕ್ಕಾಗಿ ಬಿಟ್ಟುಕೊಟ್ಟರು.

ಗುಟ್ಟು ಹೋದರೂ ಗುಟ್ಟುನುಡಿ ಸಾಯಲಿಲ್ಲ; ಅದರ ಒಡೆತನ ಬದಲಾಯಿತು. ‘ಸ್ಮಾರ್ಟ್’ ಎಂದರೆ ಹಿಂದೆ ಒಳಗಿನವನು ಅಥವಾ ಒಳಗುಟ್ಟು ಬಲ್ಲವನು. ಅಭಿಮಾನಿಗಳಿಗಾಗಿ ಹೊರಡುತ್ತಿದ್ದ ಸುದ್ದಿಪತ್ರಿಕೆಗಳು 1980ರ ದಶಕದಿಂದ ಈ ಪದಗಳನ್ನು ಹೊರಗೆ ಹರಡಿದವು. ಎಲ್ಲ ಬಲ್ಲೆನೆಂದು ಬೀಗುವ, ಆದರೂ ಟಿಕೆಟ್ ಕೊಂಡು ಬರುವ ಅಭಿಮಾನಿಗೆ ‘ಸ್ಮಾರ್ಟ್’, ‘ಮಾರ್ಕ್’ ಎರಡನ್ನೂ ಬೆಸೆದು ‘ಸ್ಮಾರ್ಕ್’ ಎಂಬ ಹೊಸ ಪದ ಹುಟ್ಟಿತು. ಪದವನ್ನು ಬಲ್ಲವನು ಒಳಗಿನವನು ಎಂಬ ಹಳೆಯ ನಿಯಮ ಇದರಿಂದ ಮುರಿಯಿತು.

ಇಂಥ ಪ್ರೇಕ್ಷಕನನ್ನು ನಂಬಿಸುವ ಬಗೆಯೂ ಬದಲಾಗಬೇಕಾಯಿತು. 1996ರ ಫೆಬ್ರವರಿ 11ರಂದು ಬ್ರಯಾನ್ ಪಿಲ್‌ಮನ್ ಎಂಬ ಪಟು ನೇರಪ್ರಸಾರದಲ್ಲಿಯೇ ತನ್ನ ಎದುರಾಳಿಯನ್ನು ‘ಬುಕರ್’ ಎಂದು ಸಂಬೋಧಿಸಿ ರಂಗದಿಂದ ಹೊರನಡೆದ. ಎದುರಾಳಿ ಕೆವಿನ್ ಸಲಿವನ್ ನಿಜವಾಗಿಯೂ ಆ ಸಂಸ್ಥೆಯ ಬುಕರ್ ಆಗಿದ್ದ. ಬಲ್ಲವರು ಇದು ಶೂಟ್ ಎಂದು ಬೆರಗಾದರು. ವಾಸ್ತವವಾಗಿ ಅದು ಅವರನ್ನು ಬೆರಗಾಗಿಸಲೆಂದೇ ಯೋಜಿಸಿದ ವರ್ಕ್. ಶೂಟಿನಂತೆ ತೋರುವ ಈ ವರ್ಕಿಗೆ ‘ವರ್ಕ್ಡ್ ಶೂಟ್’ ಎಂಬ ಹೆಸರು ನಿಂತಿತು. ವಿರುದ್ಧಪದಗಳ ಜೋಡಿ ಒಂದೇ ಸಮಾಸದಲ್ಲಿ ಕೂಡಿಕೊಂಡಿತು.

ವಿರುದ್ಧ ದಿಕ್ಕಿನ ಚಲನೆಯೂ ಇದೆ. 1997ರ ನವೆಂಬರ್ 9ರಂದು ಮಾಂಟ್ರಿಯಲ್‌ನಲ್ಲಿ, ಸಂಸ್ಥೆಯನ್ನು ಬಿಟ್ಟುಹೋಗಲಿದ್ದ ಬ್ರೆಟ್ ಹಾರ್ಟ್ ತನ್ನ ದೇಶದ ಜನರ ಮುಂದೆ ಶಾನ್ ಮೈಕೆಲ್ಸ್‌ಗೆ ಸೋಲಲು ಒಪ್ಪಿರಲಿಲ್ಲ. ಒಪ್ಪಂದವಾಗಿದ್ದದ್ದು ಬೇರೊಂದು ಮುಕ್ತಾಯಕ್ಕೆ. ಆಗಿನ ಮುಖ್ಯಸ್ಥ ವಿನ್ಸ್ ಮೆಕ್‌ಮಹೊನ್ ಹಾರ್ಟ್‌ಗೆ ತಿಳಿಸದೆ ಪಂದ್ಯದ ನಡುವೆಯೇ ಗಂಟೆ ಬಾರಿಸಿ ಅವನು ಸೋತನೆಂದು ಸಾರಿಸಿದ. 1925ರಲ್ಲಿ ಪಟು ಒಡೆಯನಿಗೆ ಮಾಡಿದ ದ್ರೋಹವನ್ನು ಈಗ ಒಡೆಯ ಪಟುವಿಗೆ ಮಾಡಿದ. ಜನರ ನಿಜವಾದ ಸಿಟ್ಟನ್ನೇ ಬಂಡವಾಳವಾಗಿಸಿಕೊಂಡು ಮೆಕ್‌ಮಹೊನ್ ಮುಂದೆ ದುಷ್ಟ ಒಡೆಯನ ಪಾತ್ರವನ್ನು ತಾನೇ ಧರಿಸಿದ. ಶೂಟ್ ಹೀಗೆ ವರ್ಕಿನ ಕಚ್ಚಾವಸ್ತುವಾಯಿತು. 2025ರಲ್ಲಿ ಡಬ್ಲ್ಯೂ.ಡಬ್ಲ್ಯೂ.ಇ. ತನ್ನ ಬರಹಗಾರರ ಕೋಣೆಯನ್ನೇ ತೆರೆದು ತೋರಿಸುವ ಸರಣಿಯೊಂದು ನೆಟ್‌ಫ್ಲಿಕ್ಸಿನಲ್ಲಿ ಬಂದಿತು. ಮುಚ್ಚಿಡುವುದರ ಬದಲು ಬಿಚ್ಚಿಡುವುದೇ ಮಾರಾಟದ ಸರಕಾಗಿದೆ.

8. ನಿಜದ ಬಿಕ್ಕಟ್ಟು

ಈ ಬೆಳವಣಿಗೆಯ ಬೆಲೆ ಏನೆಂಬುದು 1999ರ ಮೇ 23ರಂದು ಕಾನ್ಸಾಸ್ ಸಿಟಿಯಲ್ಲಿ ಕಂಡಿತು. ಬ್ರೆಟ್‌ನ ತಮ್ಮ ಓವೆನ್ ಹಾರ್ಟ್ ಪ್ರದರ್ಶನದ ಭಾಗವಾಗಿ ಛಾವಣಿಯಿಂದ ಹಗ್ಗದ ಮೂಲಕ ಇಳಿಯಬೇಕಾಗಿತ್ತು. ಕೊಂಡಿ ಬಿಚ್ಚಿಕೊಂಡು ಅವನು ರಂಗದ ಮೇಲೆ ಬಿದ್ದು ಮೃತನಾದ. ವೀಕ್ಷಕ ವಿವರಣೆಗಾರ ಜಿಮ್ ರಾಸ್, ಇದು ಪ್ರದರ್ಶನದ ಭಾಗವಲ್ಲ, ನಿಜ ಎಂದು ಮನೆಯಲ್ಲಿ ಕುಳಿತಿದ್ದ ವೀಕ್ಷಕರಿಗೆ ಮತ್ತೆ ಮತ್ತೆ ಹೇಳಬೇಕಾಯಿತು. ಆದರೆ ‘ಇದು ನಿಜ’ ಎಂಬ ಮಾತೇ ಆ ವೇದಿಕೆಯಲ್ಲಿ ಎಷ್ಟೋ ಸಲ ಹುಸಿಯಾಗಿ ಬಳಕೆಯಾಗಿತ್ತು. ಕ್ರೀಡಾಂಗಣದೊಳಗಿದ್ದ ಸಾವಿರಾರು ಜನರಿಗೆ ಸಾವಿನ ಸುದ್ದಿಯನ್ನು ಹೇಳಲಿಲ್ಲ; ಪ್ರದರ್ಶನ ಮುಂದುವರಿಯಿತು.

ಪಟುವಿಗೆ ನಿಜವಾಗಿ ಗಾಯವಾದಾಗ ತೀರ್ಪುಗಾರ ಎರಡು ಕೈಗಳನ್ನು ಎತ್ತಿ ಕತ್ತರಿಯಾಕಾರದಲ್ಲಿ ಹಿಡಿಯುವುದು ಒಳಗಿನವರ ಸಂಜ್ಞೆ. ವರ್ಕಿನ ನಡುವೆ ನಿಜವನ್ನು ಹೇಳಲು ಉಳಿದಿದ್ದ ಒಂದು ದಾರಿ ಅದು. ಅಭಿಮಾನಿಗಳು ಅದರ ಅರ್ಥವನ್ನು ಕಲಿತ ಮೇಲೆ ಹುಸಿ ಗಾಯಗಳಿಗೂ ಅದೇ ಸಂಜ್ಞೆಯನ್ನು ಬಳಸುವುದು ಆರಂಭವಾಯಿತು. ನಿಜದ ಗುರುತೆಂದು ಗೊತ್ತಾದದ್ದೆಲ್ಲವೂ ಅಭಿನಯಕ್ಕೆ ಒದಗುತ್ತದೆ. ಒದಗಿದ ಕೂಡಲೇ ಗುರುತಾಗಿ ಉಳಿಯುವುದಿಲ್ಲ. ಫ್ರಾನ್ಸಿನ ರೋಲಾ ಬಾರ್ಥ್ 1957ರ ‘ಮಿಥಾಲಜೀಸ್’ ಸಂಕಲನದ ಕುಸ್ತಿಯ ಪ್ರಬಂಧದಲ್ಲಿ, ಪ್ರೇಕ್ಷಕನಿಗೆ ಕಾದಾಟ ನಿಜವೇ ಎಂಬ ಪ್ರಶ್ನೆ ಮುಖ್ಯವಲ್ಲ, ನೋವು, ಸೋಲು, ನ್ಯಾಯಗಳು ಎದ್ದು ಕಾಣುವಂತೆ ಪ್ರಕಟವಾಗುವುದೇ ಮುಖ್ಯ ಎಂದು ಪ್ರತಿಪಾದಿಸಿದರು. ಪ್ರೇಕ್ಷಕನ ಕಡೆಯಿಂದ ಅದು ಒಪ್ಪತಕ್ಕ ವಿವರಣೆ. ಬಿದ್ದವನ ಕಡೆಯಿಂದ ನೋಡಿದರೆ ನಿಜವೇ ಎಂಬ ಪ್ರಶ್ನೆ ಮುಖ್ಯವಲ್ಲದ ಪ್ರಶ್ನೆಯಾಗಲಾರದು.

9. ಇತರ ನುಡಿಗಳಲ್ಲಿ

ಒಂದೇ ಬಗೆಯ ಪ್ರದರ್ಶನ ಬೇರೆ ಬೇರೆ ನುಡಿಗಳಲ್ಲಿ ಬೇರೆ ಬೇರೆ ಪದಗಳನ್ನು ಮುಂದಕ್ಕೆ ತಂದಿದೆ. 1933ರಲ್ಲಿ ಸಂಸ್ಥೆಯ ರೂಪ ಪಡೆದ ಮೆಕ್ಸಿಕೋದ ಲುಚಾ ಲಿಬ್ರೆಯಲ್ಲಿ ಪ್ರತಿನಾಯಕ ‘ರೂಡೊ’, ಅಂದರೆ ಒರಟ. ನಾಯಕ ‘ಟೆಕ್ನಿಕೊ’, ಅಂದರೆ ಕುಶಲಿ. ಹೆಸರು ಬಂದದ್ದು ಸ್ವಭಾವದ ಬೈಗುಳದಿಂದಲ್ಲ, ಕಾದುವ ರೀತಿಯಿಂದ. ಅಲ್ಲಿ ಗುಟ್ಟಿನ ಕೇಂದ್ರ ಮುಖವಾಡ. ಪ್ರಸಿದ್ಧ ಪಟು ಎಲ್ ಸಾಂಟೊ 1984ರ ಫೆಬ್ರವರಿಯಲ್ಲಿ ತೀರಿಕೊಂಡಾಗ ಮುಖವಾಡದೊಡನೆಯೇ ಮಣ್ಣಾದ. ಜಪಾನಿನಲ್ಲಿ ಸುಮೊ ಪಟುಗಳ ಒಳನುಡಿಯಲ್ಲಿ ನಿಜವಾದ ಕಾದಾಟಕ್ಕಿದ್ದ ‘ಗಾಚಿಂಕೊ’ ಎಂಬ ಪದ ‘ಗಾಚಿ’ ಎಂದು ಮೊಟಕಾಗಿ, ನಿಜವಾಗಿಯೂ, ಗಂಭೀರವಾಗಿ ಎಂಬರ್ಥದಲ್ಲಿ ಯುವಜನರ ದಿನಬಳಕೆಗೆ ಬಂದಿದೆ. ಅಮೆರಿಕದಲ್ಲಿ ಹೊರಗೆ ಹರಡಿದ್ದು ಇದಕ್ಕೆ ಎದುರಾದ ಪದ. ರಾಜಕಾರಣದಲ್ಲಿ ಎಲ್ಲರಿಗೂ ತಿಳಿದಿದ್ದೂ ಎಲ್ಲರೂ ನಂಬಿದಂತೆ ನಟಿಸುವ ಹುಸಿಯನ್ನು ಅಲ್ಲಿನ ಪತ್ರಿಕೆಗಳು ಈಗ ‘ಕೇಫೇಬ್’ ಎನ್ನುತ್ತವೆ.

ಉರ್ದು, ಪಂಜಾಬಿ ಮತ್ತು ಮರಾಠಿಗಳಲ್ಲಿ ಮೊದಲೇ ಮಾತಾಡಿಕೊಂಡು ಆಡುವ ಕುಸ್ತಿಗೆ ‘ನೂರಾ ಕುಸ್ತಿ’ ಎಂಬ ಹೆಸರಿದ್ದು, ಅಲ್ಲಿಯೂ ಅದು ರಾಜಕೀಯ ಬರವಣಿಗೆಯ ಪದವಾಗಿದೆ. ಕನ್ನಡಕ್ಕೆ ಕುಸ್ತಿಯಿಂದ ಬಂದವು ಬೇರೆ ಬಗೆಯವು. ಅಖಾಡಕ್ಕಿಳಿ, ತೊಡೆತಟ್ಟು, ಪಟ್ಟು ಹಾಕು, ಚಿತ್ ಮಾಡು, ಮಣ್ಣು ಮುಕ್ಕಿಸು ಇವೆಲ್ಲವೂ ಸ್ಪರ್ಧೆ ನಿಜವೆಂದು ನಂಬಿದ ನುಡಿಗಟ್ಟುಗಳು. ದಸರೆಯ ಕುಸ್ತಿಗೆ ಮುನ್ನ ನಡೆಯುವ ‘ಜೋಡಿ ಕಟ್ಟುವುದು’ ಕೂಡ ಸಮಬಲರನ್ನು ಎಲ್ಲರೆದುರು ಹೊಂದಿಸುವ ಕ್ರಮವೇ ಹೊರತು ಫಲಿತಾಂಶದ ಒಪ್ಪಂದವಲ್ಲ. ಹುಸಿಸ್ಪರ್ಧೆಯನ್ನು ಹೇಳಬೇಕಾದಾಗ ಕನ್ನಡ ಗರಡಿಯತ್ತ ನೋಡದೆ ರಂಗಭೂಮಿಯತ್ತ ನೋಡುತ್ತದೆ: ‘ಇದೆಲ್ಲ ನಾಟಕ’ ಎನ್ನುತ್ತದೆ.

ಆದುದರಿಂದ ವರ್ಕ್, ಶೂಟ್, ಕೇಫೇಬ್‌ಗಳನ್ನು ಕನ್ನಡಿಸುವಾಗ ಎಚ್ಚರ ಅಗತ್ಯ. ‘ನಾಟಕ’ ಎಂದರೆ ನೋಡುವವನಿಗೂ ಅದು ನಾಟಕವೆಂದು ಗೊತ್ತಿರುತ್ತದೆ. ‘ಮೋಸ’ ಎಂದರೆ ಪಟುವಿನ ದುಡಿಮೆ ಮರೆಯಾಗುತ್ತದೆ. ‘ಒಳಒಪ್ಪಂದ’ ಎಂದರೆ ದೇಹದ ನೋವು ಕಾಣದಾಗುತ್ತದೆ. ಪದಗಳನ್ನು ಹಾಗೆಯೇ ಉಳಿಸಿಕೊಂಡು ವಿವರಿಸುವುದೇ ಸದ್ಯಕ್ಕೆ ಸರಿಯಾದ ಮಾರ್ಗವೆನ್ನಿಸುತ್ತದೆ.

10. ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ವೃತ್ತಿಕುಸ್ತಿಯ ಒಳನುಡಿ ಹೊರಗಿನವರಿಂದ ಗುಟ್ಟನ್ನು ಕಾಯುವುದರ ಜೊತೆಗೆ ಒಳಗಿನವರ ನಡುವಣ ವಿಶ್ವಾಸವನ್ನೂ ಅಧಿಕಾರದ ಏರುಪೇರುಗಳನ್ನೂ ದಾಖಲಿಸುತ್ತದೆ. ಎರಡನೆಯದಾಗಿ, ಗುಟ್ಟು ಬಯಲಾದ ಮಾತ್ರಕ್ಕೆ ಗುಟ್ಟುನುಡಿ ಅಳಿಯುವುದಿಲ್ಲ. ಬಲ್ಲವರ ಬಳಗ ಹಿಗ್ಗಿ, ಅದೇ ನುಡಿ ಹೊಸ ನಂಬಿಕೆಯನ್ನು ಹುಟ್ಟಿಸುವ ಸಾಧನವಾಗುತ್ತದೆ. ಮೂರನೆಯದಾಗಿ, ಹುಸಿಯನ್ನು ಸೂಕ್ಷ್ಮವಾಗಿ ಹೇಳಲು ನೂರು ಪದಗಳನ್ನು ಕಟ್ಟಿಕೊಂಡ ನುಡಿಸಮುದಾಯ, ನಿಜವನ್ನು ನಿಜವೆಂದು ಹೇಳಬೇಕಾದ ಗಳಿಗೆಯಲ್ಲಿ ಪದವಿಲ್ಲದೆ ನಿಲ್ಲಬೇಕಾಗುತ್ತದೆ. ಕನ್ನಡದಲ್ಲಿ ವೃತ್ತಿಪದಗಳ ಸಂಗ್ರಹಕಾರ್ಯ ಸಾಕಷ್ಟು ನಡೆದಿದೆ. ದಲ್ಲಾಳಿಗಳ, ಜೂಜುಕೋರರ, ಮೇಳ ಮತ್ತು ನಾಟಕ ಕಂಪನಿಗಳ ಒಳನುಡಿಗಳನ್ನು ಪದಪಟ್ಟಿಯಾಗಿ ಮಾತ್ರವಲ್ಲದೆ, ಯಾರಿಂದ ಏನನ್ನು ಮುಚ್ಚಿಡುತ್ತವೆ, ಯಾರನ್ನು ಕರ್ತೃವಾಗಿಸುತ್ತವೆ, ಯಾರನ್ನು ಕರ್ಮವಾಗಿಸುತ್ತವೆ ಎಂಬ ದೃಷ್ಟಿಯಿಂದಲೂ ನೋಡಿದರೆ, ಆ ಸಂಗ್ರಹಗಳು ನಿಘಂಟಿನ ಸಾಮಗ್ರಿಯಾಗುವುದರ ಜೊತೆಗೆ ಸಮಾಜಾಧ್ಯಯನದ ಸಾಮಗ್ರಿಯೂ ಆಗಬಲ್ಲವು.